ಡೇಟಾಬೇಸ್ ಸರ್ವರ್ ಮೇಲೆ ಟ್ಯೂನ್‌ಡಿ: ಶಿಸ್ತು ಮೆಚ್ಚುವಂಥದ್ದು, ಅಂಕಿಗಳ ಬಗ್ಗೆ ತಕರಾರಿದೆ

ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನ 7ನೇ ಆವೃತ್ತಿಯಿಂದೀಚೆಗೆ ತಾನಾಗಿಯೇ ಚಾಲೂ ಆಗಿ ಬರುವ ಟ್ಯೂನ್‌ಡಿ ಸೇವೆಯನ್ನು (ಕೆಲಸಕ್ಕೆ ತಕ್ಕಂತೆ ಸಿಸ್ಟಂ ಸೆಟ್ಟಿಂಗ್‌ಗಳನ್ನು ಹೊಂದಿಸುವ ಸಾಧನ) ಪೋಸ್ಟ್‌ಗ್ರೆಸ್ ಡೇಟಾಬೇಸಿನ ಸರ್ವರ್‌ಗಳನ್ನು ಗಮನದಲ್ಲಿಟ್ಟುಕೊಂಡು ಇಲ್ಲಿ ವಿಮರ್ಶಿಸಿದ್ದೇನೆ. ಕರ್ನಲ್‌ನ, ಅಂದರೆ ಲಿನಕ್ಸ್‌ನ ತಿರುಳಿನ, ಮೌಲ್ಯಗಳನ್ನು ಬರೆದಿಡುವ ಸಿಸ್‌ಸಿಟಿಎಲ್ ಫೈಲಿನಲ್ಲಿ ಒಂದಷ್ಟು, ಬೂಟ್ ಸ್ಕ್ರಿಪ್ಟಿನಲ್ಲಿ ಇನ್ನೊಂದಷ್ಟು ಎಂದು ಚದುರಿಹೋಗುವ ಸೆಟ್ಟಿಂಗ್‌ಗಳನ್ನು ಅದು ಒಂದೇ ಪ್ರೊಫೈಲ್ ಫೈಲಿಗೆ ತರುತ್ತದೆ. ಯಾರಾದರೂ ಅವಸರದಲ್ಲಿ ಕೈಯಾರೆ ಏನನ್ನಾದರೂ ಬದಲಿಸಿದ್ದರೆ 'ಟ್ಯೂನ್‌ಡಿ-ಎಡಿಎಂ ವೆರಿಫೈ' ಕಮಾಂಡ್ ಅದನ್ನು ಪತ್ತೆಹಚ್ಚುತ್ತದೆ. ಇದೊಂದಕ್ಕಾಗಿಯೇ ಅದನ್ನು ಇಟ್ಟುಕೊಳ್ಳಬಹುದು.

ತಕರಾರು ಇರುವುದು 'ಥ್ರೂಪುಟ್-ಪರ್ಫಾರ್ಮೆನ್ಸ್' ಪ್ರೊಫೈಲಿನ ಅಂಕಿಗಳ ಬಗ್ಗೆ. ಸ್ವಾಪಿನೆಸ್ (ಮೆಮೊರಿಯ ಪುಟಗಳನ್ನು ಡಿಸ್ಕಿಗೆ ಸರಿಸುವ ಒಲವು) 10 ಎಂಬುದು ಒಪ್ಪತಕ್ಕದ್ದು. ಆದರೆ ಡಿಸ್ಕಿಗೆ ಇನ್ನೂ ಇಳಿಯದ ಡರ್ಟಿ ಪುಟಗಳಿಗೆ ಅದು ಲಭ್ಯ ಮೆಮೊರಿಯ ಶೇ. 40ರವರೆಗೆ ಅವಕಾಶ ಕೊಡುತ್ತದೆ, ಹಿನ್ನೆಲೆಯ ಬರವಣಿಗೆ ಶುರುವಾಗುವುದೂ ಶೇ. 10 ದಾಟಿದ ಮೇಲೆಯೇ. 256 ಜಿಬಿ ಮೆಮೊರಿಯ ಯಂತ್ರದಲ್ಲಿ ಈ ಶೇ. 10 ಎಂದರೆ ಹೆಚ್ಚೆಂದರೆ ಸುಮಾರು 25 ಜಿಬಿ. ದೊಡ್ಡ ಡಂಪ್ (ಡೇಟಾಬೇಸಿನ ಬ್ಯಾಕಪ್ ಪ್ರತಿ) ರಿಸ್ಟೋರ್ ಮಾಡುವಾಗ ಅಷ್ಟೂ ಒಮ್ಮೆಲೇ ಡಿಸ್ಕಿನ ಮೇಲೆ ಬಿದ್ದರೆ, ಕಮಿಟ್‌ಗಾಗಿ, ಅಂದರೆ ಬದಲಾವಣೆ ಡಿಸ್ಕಿನಲ್ಲಿ ಖಾಯಂ ಆಗಲೆಂದು, ಎಫ್‌ಸಿಂಕ್ ಕರೆದ ಸಣ್ಣ ವ್ಯವಹಾರಗಳೆಲ್ಲ ಸರದಿಯಲ್ಲಿ ಕಾಯಬೇಕಾಗುತ್ತದೆ. ಶೇಕಡಾ ಲೆಕ್ಕ ಬಿಟ್ಟು ಕೆಲವು ನೂರು ಎಂಬಿಯ ಸ್ಥಿರ ಮಿತಿಯನ್ನು ಬೈಟ್‌ಗಳಲ್ಲಿ ಕೊಡುವುದು ಲೇಸು. ಕರ್ನಲ್ ಈ ಎರಡರಲ್ಲಿ ಕೊನೆಗೆ ಬರೆದದ್ದನ್ನು ಮಾತ್ರ ಉಳಿಸಿಕೊಂಡು ಇನ್ನೊಂದನ್ನು ಸೊನ್ನೆ ಮಾಡುವುದರಿಂದ, ಪ್ರೊಫೈಲ್ ಹಾಕಿದ ಮೇಲೆ ನಿಜವಾಗಿ ಉಳಿದ ಮೌಲ್ಯವನ್ನು ನೋಡಿಕೊಳ್ಳಬೇಕು. ರೀಡ್‌ಅಹೆಡ್ ಅನ್ನು (ಕೇಳುವ ಮುನ್ನವೇ ಡಿಸ್ಕಿನಿಂದ ಓದಿಟ್ಟುಕೊಳ್ಳುವ ಪ್ರಮಾಣ) 4096 ಕೆಬಿಗೆ ಏರಿಸುವುದು ಪೂರ್ತಿ ಟೇಬಲ್ ಓದುವ ವರದಿಗಳಿಗೆ ಹಿತ, ಇಂಡೆಕ್ಸ್ ಹಿಡಿದು ಅಲ್ಲೊಂದು ಇಲ್ಲೊಂದು ಪುಟ ಓದುವ ಕೆಲಸಕ್ಕೆ ಅಷ್ಟಕ್ಕಷ್ಟೆ.

ಹ್ಯೂಜ್ ಪೇಜ್‌ಗಳ (ಮಾಮೂಲಿ 4 ಕೆಬಿಗಿಂತ ದೊಡ್ಡ ಮೆಮೊರಿ ಪುಟಗಳು) ವಿಷಯದಲ್ಲಂತೂ ಲೆಕ್ಕ ನಮ್ಮದೇ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಸಂಪರ್ಕವೂ ಒಂದು ಪ್ರತ್ಯೇಕ ಪ್ರೊಸೆಸ್. ಆ ಪ್ರೊಸೆಸ್‌ಗಳೆಲ್ಲ ಹಂಚಿಕೊಳ್ಳುವ ಮೆಮೊರಿಯಾದ 64 ಜಿಬಿ ಶೇರ್ಡ್ ಬಫರ್‌ಗಳನ್ನು 4 ಕೆಬಿ ಪುಟಗಳಲ್ಲಿ ಪೂರ್ತಿ ಮುಟ್ಟಿದ ಒಂದೊಂದು ಪ್ರೊಸೆಸ್ಸಿಗೂ ಪೇಜ್ ಟೇಬಲ್‌ಗೆಂದೇ (ಯಾವ ಪುಟ ಮೆಮೊರಿಯಲ್ಲಿ ಎಲ್ಲಿದೆ ಎಂಬ ಪಟ್ಟಿ) 128 ಎಂಬಿ ಬೇಕಾಗುತ್ತದೆ. ಸಂಪರ್ಕಗಳು 300 ಆದರೆ ಅದು 37 ಜಿಬಿ ದಾಟುತ್ತದೆ! 2 ಎಂಬಿ ಪುಟಗಳಾದರೆ ಬಫರ್‌ಗಳಿಗೆ 32,768 ಪುಟ ಸಾಕು, ಮೇಲೆ ತುಸು ಹೆಚ್ಚಿಗೆ ಕಾದಿರಿಸಬೇಕು. ಈ ಸಂಖ್ಯೆಯನ್ನು ಟ್ಯೂನ್‌ಡಿ ತಾನಾಗಿ ಊಹಿಸುವುದಿಲ್ಲ. ಆದರೆ 'ಇನ್‌ಕ್ಲೂಡ್' ಸಾಲಿನಿಂದ ಮೂಲ ಪ್ರೊಫೈಲನ್ನು ಸೇರಿಸಿಕೊಂಡು ನಮ್ಮದೇ ಪ್ರೊಫೈಲಿನಲ್ಲಿ ಇದನ್ನು ಬರೆದಿಟ್ಟರೆ, ಮುಂದಿನ ಸರ್ವರ್‌ಗೆ ಆ ಫೈಲನ್ನು ನಕಲಿಸಿ ಬಫರಿನ ಗಾತ್ರಕ್ಕೆ ತಕ್ಕಂತೆ ಸಂಖ್ಯೆಯೊಂದನ್ನು ತಿದ್ದಿದರಾಯಿತು.