ರಜೆಗೆ ಸಕ್ಕರೆ ಹಣ್ಣು: ನೆಲ್ಲಿಕಾಯಿಯೋ, ಅನಾನಸೋ, ಪಪ್ಪಾಯಿಯೋ?

ಡಿಸೆಂಬರ್ ರಜೆಗೆ ಕಾರವಾರದ ಮನೆಯಲ್ಲಿ ಸಕ್ಕರೆ ಹಣ್ಣು, ಅಂದರೆ ಸಕ್ಕರೆಯಲ್ಲಿ ನೆನೆಸಿ ಒಣಗಿಸಿದ ಹಣ್ಣಿನ ಚೂರು, ಈ ಮೂರರಲ್ಲಿ ಯಾವುದರಿಂದ ಮಾಡಲಿ ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ ಹಿತ್ತಲಿನ ಪಪ್ಪಾಯಿಕಾಯಿಯೇ ಸೈ. ಚೂರುಗಳನ್ನು ಬೇಯಿಸಿ, ಪಾಕದಲ್ಲಿ ನೆನೆಸಿ, ಬಣ್ಣ ಹಾಕಿದರೆ ಟೂಟಿ ಫ್ರೂಟಿ. ಅದಕ್ಕೆ ಸ್ವಂತ ರುಚಿ ಕಮ್ಮಿ, ಕ್ರಿಸ್‌ಮಸ್ ಕೇಕಿಗೆ ಸರಿ.

ಹೆಚ್ಚು ದಿನ ಇಡೋದಿದ್ದರೆ ನೆಲ್ಲಿಕಾಯಿ. ಡಿಸೆಂಬರ್ ಅದರ ಕಾಲವೂ ಹೌದು. ಆವಿಯಲ್ಲಿ ಬೇಯಿಸಿ ಎಸಳು ಬಿಡಿಸಿ, ಕಿಲೋಗೆ ಮುಕ್ಕಾಲು ಕಿಲೋ ಸಕ್ಕರೆ ಬೆರೆಸಿ 3 ದಿನ ಇಡಿ. ಮೊದಲು ತೇಲುವ ಎಸಳು ಸಕ್ಕರೆ ಹೀರಿ ತಳಕ್ಕೆ ಕೂರುತ್ತದೆ. ಆಗ ಬಸಿದು ಒಣಗಿಸಿ. ಮಕ್ಕಳು ಒಗರು ಅಂತ ಮೂಗು ಮುರಿಯಬಹುದು.

ಅವರಿಗೆ ಬನವಾಸಿ ಕಡೆಯ ಅನಾನಸೇ ಇಷ್ಟ, ಅಲ್ವಾ? ಆದರೆ ನೀರು ಜಾಸ್ತಿ. ಕಡಲ ಗಾಳಿಗೆ ನನ್ನ ಡಬ್ಬಿ ಇಡೀ ಒಂದೇ ಮುದ್ದೆಯಾಗಿತ್ತು! ವಾರದೊಳಗೆ ಖಾಲಿ ಮಾಡೋರಿದ್ದರೆ ಮಾತ್ರ ಮಾಡಿ.