ಡಿಕ್ಕಿಯಲ್ಲಿ ಸಿಲಿಂಡರ್, ಹಿಂದಿನ ಸೀಟಿನಲ್ಲಿ ತೆಂಗಿನಕಾಯಿ

ಕಾರ್ಖಾನೆಯಲ್ಲೇ ಸಿಎನ್‌ಜಿ ಅಳವಡಿಸಿದ ಸಣ್ಣ ಕಾರು ಕೊಂಡು ಎರಡು ವರ್ಷವಾಯಿತು. ದಿನವೂ ಕೆಂಗೇರಿಯಿಂದ ಪೀಣ್ಯಕ್ಕೆ, ತಿಂಗಳಿಗೊಮ್ಮೆ ಅರಸೀಕೆರೆಯ ತೋಟಕ್ಕೆ ಓಡಿಸುತ್ತೇನೆ. ಒಂದು ಕೆ.ಜಿ. ಅನಿಲಕ್ಕೆ ನಗರದಲ್ಲಿ 22 ಕಿ.ಮೀ., ಹೆದ್ದಾರಿಯಲ್ಲಿ 28 ಕಿ.ಮೀ. ಸಿಗುತ್ತಿದೆ. ನನ್ನ ಹಳೆಯ ಪೆಟ್ರೋಲ್ ಕಾರಿನ ಖರ್ಚಿಗೆ ಹೋಲಿಸಿದರೆ ಇದು ಹೆಚ್ಚುಕಡಿಮೆ ಅರ್ಧ.

ಎಂಜಿನ್ ಪೆಟ್ರೋಲಿನಲ್ಲಿ ಶುರುವಾಗಿ, ಬಿಸಿಯಾದ ಮೇಲೆ ತಾನಾಗಿ ಅನಿಲಕ್ಕೆ ಬದಲಾಗುತ್ತದೆ. ಆ ಬದಲಾವಣೆ ಗೊತ್ತೇ ಆಗುವುದಿಲ್ಲ. ಐದು ಜನ ಕುಳಿತು ಏರು ಹತ್ತುವಾಗ ಮಾತ್ರ ಗೇರ್ ಇಳಿಸಲೇಬೇಕು.

ನನಗೆ ನಿಜವಾಗಿ ನೋವು ಕೊಡುವುದು ಡಿಕ್ಕಿ. 60 ಲೀಟರ್ ಸಿಲಿಂಡರ್ ಅದನ್ನು ಪೂರ್ತಿ ನುಂಗಿದೆ. ಅಮ್ಮ ಕಟ್ಟಿಕೊಡುವ ತೆಂಗಿನಕಾಯಿ ಮೂಟೆ ಹಿಂದಿನ ಸೀಟಿಗೆ ಬರುತ್ತದೆ, ಮಗಳು ಅದಕ್ಕೆ ಒರಗಿಕೊಂಡೇ ನಿದ್ದೆ ಮಾಡುತ್ತಾಳೆ. ಊರಿಗೆ ಸಾಮಾನು ಸಾಗಿಸುವವರು ಇದನ್ನು ಚೆನ್ನಾಗಿ ಯೋಚಿಸಬೇಕು.

ಅನಿಲವನ್ನು ಸುಮಾರು 200 ಬಾರ್ ಒತ್ತಡದಲ್ಲಿ ತುಂಬುತ್ತಾರೆ. ಸಂಜೆ ಸಾಲು ಉದ್ದವಿದ್ದಾಗ ಬಂಕಿನಲ್ಲಿ ಒತ್ತಡ ಕುಸಿದು ಎಷ್ಟೋ ಸಲ ಅರೆಬರೆ ತುಂಬಿಸಿಕೊಂಡು ಬಂದಿದ್ದೇನೆ. ಈಗ ಬೆಳಗಿನ ಐದೂವರೆಗೇ ಹೋಗುತ್ತೇನೆ. ತುಂಬುವಾಗ ಎಲ್ಲರೂ ಕೆಳಗಿಳಿಯಬೇಕು, ಮಳೆಯಿದ್ದರೂ ಸರಿ, ಅಜ್ಜಿಯಿದ್ದರೂ ಸರಿ.

ಹಳೆಯ ಗಾಡಿ ಕೊಳ್ಳುವವರು ಸಿಲಿಂಡರ್‌ ಮೇಲಿನ ತಪಾಸಣೆ ದಿನಾಂಕ ನೋಡಿ, ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಕಡ್ಡಾಯ. ಸೋರಿದರೆ ಏನು ಗತಿ ಎಂದು ಅಪ್ಪ ಹೆದರಿದ್ದರು. ಈ ಅನಿಲ ಗಾಳಿಗಿಂತ ಹಗುರ, ಎಲ್‌ಪಿಜಿಯಂತೆ ನೆಲದಲ್ಲಿ ನಿಲ್ಲದೆ ಮೇಲೇರಿ ಚದುರುತ್ತದೆ. ಆದ್ದರಿಂದಲೇ ಕಾರು ನಿಲ್ಲಿಸುವ ಶೆಡ್ಡಿನ ಮೇಲ್ಭಾಗದಲ್ಲಿ ಎರಡು ಕಿಂಡಿ ಬಿಡಿಸಿದ್ದೇನೆ.