ಹಾಸ್ಲರ್‌ನ ‘ಡಿಕ್ಸಿಟ್ ಮರಿಯಾ’: ಮೋಟೆಟ್ ಹಾಡೋದಾ, ಮಾಸ್ ಹಾಡೋದಾ?

ಸಂಗೀತ ರಚನಕಾರ ಹಾನ್ಸ್ ಲಿಯೋ ಹಾಸ್ಲರ್ (1564–1612) ಜರ್ಮನಿಯ ನ್ಯೂರೆಂಬರ್ಗ್‌ನವನು. ವೆನಿಸ್‌ನಲ್ಲಿ ರಚನಕಾರ ಆಂಡ್ರಿಯಾ ಗೇಬ್ರಿಯೇಲಿ ಹತ್ತಿರ ಕಲಿತು, ಔಗ್ಸ್‌ಬರ್ಗ್‌ನ ಶ್ರೀಮಂತ ಫುಗ್ಗರ್ ಮನೆತನಕ್ಕೆ ಆರ್ಗನ್ ವಾದಕನಾದ. ತಾನು ಪ್ರಾಟೆಸ್ಟೆಂಟ್, ಬರೆದಿದ್ದು ಕ್ಯಾಥೊಲಿಕ್ ಪೂಜೆಗೆ! ‘ಡಿಕ್ಸಿಟ್ ಮರಿಯಾ’ (‘ಮೇರಿ ಹೇಳಿದಳು’) ಹೆಸರಲ್ಲಿ ಅವನ ಎರಡು ಕೃತಿಗಳಿವೆ: ಒಂದು ಮೋಟೆಟ್, ಅಂದರೆ ಚಿಕ್ಕ ಧಾರ್ಮಿಕ ವೃಂದಗಾನ; ಇನ್ನೊಂದು ಮಾಸ್, ಅಂದರೆ ಕ್ಯಾಥೊಲಿಕ್ ಪೂಜೆಯ ಪ್ರಾರ್ಥನೆಗಳಿಗೆ ಕೂಡಿಸಿದ ಸಂಗೀತ. ಎರಡೂ ಲ್ಯಾಟಿನ್, ಎರಡೂ ನಾಲ್ಕು ಧ್ವನಿಗೆ. ಗೊಂದಲ ಆಗೋದು ಸಹಜ.

1591ರ ಮೋಟೆಟ್ ಮೂರು ನಿಮಿಷದ ಆಸುಪಾಸು ಮುಗಿಯುತ್ತದೆ. ನೀನು ಯೇಸುವಿನ ತಾಯಿಯಾಗುವೆ ಎಂದ ದೇವದೂತನಿಗೆ ಮೇರಿ ಕೊಟ್ಟ ಉತ್ತರವೇ ಸಾಹಿತ್ಯ. ಒಂದು ಧ್ವನಿ ಸಾಲು ಎತ್ತಿಕೊಂಡರೆ ಉಳಿದವು ಒಂದೊಂದಾಗಿ ಅದನ್ನೇ ಹಿಡಿದು ಬರುತ್ತವೆ. ಕೊನೆಗೆ ‘ಫಿಯಾತ್ ಮಿಹಿ’, ಅಂದರೆ ‘ನನಗೆ ಹಾಗೇ ಆಗಲಿ’, ಮತ್ತೆ ಮತ್ತೆ ಕೇಳಿಸುತ್ತದೆ. ಮಾತು ಕಡಿಮೆ, ಹಾಗಾಗಿ ಕಿವಿ ಪೂರ್ತಿ ರಾಗದ ಮೇಲಿರುತ್ತದೆ.

1599ರ ಮಾಸ್ ಇದೇ ಮೋಟೆಟ್‌ನ ರಾಗಗಳಿಂದ ಕಟ್ಟಿದ್ದು. ಮೊದಲ ಭಾಗ ಕಿರಿಯೆ ಶುರುವಾದ ತಕ್ಷಣ ಗುರುತು ಸಿಗುತ್ತದೆ. ಆದರೆ ಐದು ಭಾಗ: ಕಿರಿಯೆ, ಗ್ಲೋರಿಯಾ, ಕ್ರೆಡೋ, ಸಾಂಕ್ಟುಸ್, ಆಗ್ನುಸ್ ದೇಯಿ. ಗ್ಲೋರಿಯಾ, ಕ್ರೆಡೋಗಳಲ್ಲಿ ಮಾತು ಜಾಸ್ತಿ, ಲ್ಯಾಟಿನ್ ಉಚ್ಚಾರಣೆಗೇ ಅರ್ಧ ಅಭ್ಯಾಸ ಹೋಗುತ್ತದೆ.

ಹೊಸ ಗಾಯಕವೃಂದವಾದರೆ ಸುಮ್ನೆ ಮೋಟೆಟ್ ಹಿಡಿಯಿರಿ. ಅನುಭವ ಇದ್ದರೆ ಮೋಟೆಟ್ ಜೊತೆ ಕಿರಿಯೆ, ಆಗ್ನುಸ್ ದೇಯಿ ಸೇರಿಸಿ. ಪೂರ್ತಿ ಮಾಸ್ ಚರ್ಚಿನ ಪೂಜೆಯಲ್ಲೇ ಚೆನ್ನ. ಕಛೇರಿಯಲ್ಲಿ ಐದೂ ಭಾಗ ಒಟ್ಟಿಗೆ ಸ್ವಲ್ಪ ಎಳೆದ ಹಾಗೆ ಅನ್ನಿಸುತ್ತದೆ. ಬರೀ ಕೇಳೋದಾದರೂ ಮೊದಲು ಮೋಟೆಟ್ ಕೇಳಿ.